ಸ್ಮರಣೆಯ ದಿನ, ಪಂದ್ಯದ ದಿನ

ಫುಟ್‌ಬಾಲ್ ಲೋಕ ತನ್ನವರ ಸಾವಿಗೆ ಸಲ್ಲಿಸುವ ಗೌರವ ಬಹಳ ಸಲ ಇನ್ನೊಂದು ಪಂದ್ಯದ ರೂಪದಲ್ಲೇ ಇರುತ್ತದೆ. ತಂಡವನ್ನು ಹೊತ್ತ ವಿಮಾನ ಬಿದ್ದಾಗ, ಗ್ಯಾಲರಿಯ ನೂಕುನುಗ್ಗಲಲ್ಲಿ ಅಭಿಮಾನಿಗಳು ಪ್ರಾಣ ಕಳೆದುಕೊಂಡಾಗ, ಆಟಗಾರನೊಬ್ಬ ಅಕಾಲದಲ್ಲಿ ತೀರಿಕೊಂಡಾಗ ಕೆಲವೇ ದಿನಗಳಲ್ಲಿ ಸ್ಮಾರಕ ಪಂದ್ಯದ ಮಾತು ಶುರುವಾಗುತ್ತದೆ. ಯಾರು ಆಡಬೇಕು, ಟಿಕೆಟ್ ಹಣ ಯಾರ ಕೈ ಸೇರಬೇಕು ಎಂಬುದರ ಸುತ್ತ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಯಾವತ್ತು ಆಡಬೇಕು ಎಂಬ ಪ್ರಶ್ನೆ ಮಾತ್ರ ಕೊನೆಗೆ ಉಳಿದುಕೊಳ್ಳುತ್ತದೆ; ಮೈದಾನ ಬಿಡುವಾಗಿರುವ ದಿನ ಯಾವುದೋ ಅದೇ ಪಂದ್ಯದ ದಿನವಾಗಿಬಿಡುತ್ತದೆ. ಗ್ಯಾಲರಿ ತುಂಬುವುದೋ ಬಣಗುಟ್ಟುವುದೋ ಎಂಬುದನ್ನು ತೀರ್ಮಾನಿಸುವ ದೊಡ್ಡ ಸಂಗತಿಗಳಲ್ಲಿ ಒಂದನ್ನು ಹೀಗೆ ಕಡೆಗಣಿಸುವುದು ಸರಿಯಲ್ಲ. ಖಾಲಿ ಕುರ್ಚಿಗಳ ನಡುವೆ ನಡೆಯುವ ಸ್ಮಾರಕ ಪಂದ್ಯ, ಸತ್ತವರ ಕುಟುಂಬಕ್ಕೆ ಎರಡನೆಯ ಸಲ ನೋವು ಕೊಡುತ್ತದೆ.

ಕಳೆದ ಮುಕ್ಕಾಲು ಶತಮಾನದ ಸ್ಮಾರಕ ಪಂದ್ಯಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು: ನೋವು ಹಸಿಯಾಗಿರುವಾಗ ವಾರ, ಹೊತ್ತು, ಹವೆ ಯಾವುದೂ ಜನರನ್ನು ತಡೆಯುವುದಿಲ್ಲ, ತಿಂಗಳುಗಳು ಉರುಳಿದ ಹಾಗೆ ಕ್ಯಾಲೆಂಡರಿನ ಕೈ ಮೇಲಾಗುತ್ತದೆ. ಎರಡನೆಯದು: ಸಾವು ನಡೆದ ದಿನಾಂಕ ಪಂದ್ಯಕ್ಕೆ ಒದಗುವುದು ಕಡಿಮೆ, ಸ್ಮರಣೆಗೆ ಒದಗುವುದು ಹೆಚ್ಚು. ಪಂದ್ಯ, ಸ್ಮರಣೆ ಎರಡನ್ನೂ ಒಂದೇ ದಿನಕ್ಕೆ ಕಟ್ಟಿಹಾಕದೆ ಬೇರೆ ಬೇರೆ ಇಟ್ಟುಕೊಂಡವರು ಎರಡನ್ನೂ ಚೆನ್ನಾಗಿ ನಡೆಸಿದ್ದಾರೆ.

ಹಸಿ ನೋವಿನ ದಿನಗಳು

1958ರ ಫೆಬ್ರುವರಿ 6ರಂದು ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ನಡೆದ ಅಪಘಾತದಲ್ಲಿ 23 ಮಂದಿ ಸತ್ತರು; ಅವರಲ್ಲಿ ಎಂಟು ಮಂದಿ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು. ಎರಡು ದಿನಗಳ ನಂತರ ವುಲ್ವ್ಸ್ ವಿರುದ್ಧ ಇದ್ದ ಲೀಗ್ ಪಂದ್ಯ ಮುಂದಕ್ಕೆ ಹೋಯಿತು. ಎಫ್‌ಎ ಕಪ್‌ನ ಐದನೇ ಸುತ್ತಿನ ಪಂದ್ಯವನ್ನೂ ಶನಿವಾರದಿಂದ ಸರಿಸಿ, ಫೆಬ್ರುವರಿ 19ರ ಬುಧವಾರ ರಾತ್ರಿ ಓಲ್ಡ್ ಟ್ರ್ಯಾಫರ್ಡ್‌ನ ಹೊನಲು ಬೆಳಕಿನಲ್ಲಿ ಆಡಿಸಲಾಯಿತು. ಎದುರಾಳಿ ಶೆಫೀಲ್ಡ್ ವೆನ್ಸ್‌ಡೇ. ಯುನೈಟೆಡ್ ಪರ ಯಾರು ಆಡುತ್ತಾರೆಂಬುದೇ ಮುದ್ರಣದ ಹೊತ್ತಿಗೆ ಗೊತ್ತಿರಲಿಲ್ಲವಾದ್ದರಿಂದ ಪಂದ್ಯದ ಕಿರುಹೊತ್ತಗೆಯಲ್ಲಿ ಆಟಗಾರರ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಅಪಘಾತದಲ್ಲಿ ಬದುಕುಳಿದಿದ್ದ ಹ್ಯಾರಿ ಗ್ರೆಗ್ ಮತ್ತು ಬಿಲ್ ಫೌಲ್ಕ್ಸ್ ಕಣಕ್ಕಿಳಿದರು. ವಾರದ ನಡುವೆ, ಚಳಿಗಾಲದ ರಾತ್ರಿ, ಸುಮಾರು 60 ಸಾವಿರ ಜನ ಬಂದರು. ಅದು ಹೆಸರಿಗೆ ಸ್ಮಾರಕ ಪಂದ್ಯವಾಗಿರಲಿಲ್ಲ. ಆದರೆ ಅಲ್ಲಿದ್ದವರ ಪಾಲಿಗೆ ಅದು ಬೇರೇನೂ ಆಗಿರಲು ಸಾಧ್ಯವಿರಲಿಲ್ಲ.

ಗ್ಲಾಸ್ಗೊದಲ್ಲಿ ಇದೇ ಬಗೆಯ ಇನ್ನೊಂದು ಸಾಕ್ಷ್ಯವಿದೆ. 1971ರ ಜನವರಿ 2ರಂದು ಐಬ್ರಾಕ್ಸ್ ಮೈದಾನದಲ್ಲಿ ರೇಂಜರ್ಸ್-ಸೆಲ್ಟಿಕ್ ಪಂದ್ಯ ಮುಗಿಯುವ ಹೊತ್ತಿಗೆ ಮೆಟ್ಟಿಲುಗಳಲ್ಲಿ ಉಂಟಾದ ನೂಕುನುಗ್ಗಲಿಗೆ 66 ಮಂದಿ ಬಲಿಯಾದರು. ಇಪ್ಪತ್ತೈದು ದಿನಗಳ ಬಳಿಕ, ಜನವರಿ 27ರ ಬುಧವಾರ, ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸಂತ್ರಸ್ತರ ನೆರವಿಗಾಗಿ ಪಂದ್ಯ ನಡೆಯಿತು. ಒಂದು ಕಡೆ ಸ್ಕಾಟ್ಲೆಂಡ್ ತಂಡ, ಇನ್ನೊಂದು ಕಡೆ ಹುಟ್ಟಾ ಎದುರಾಳಿಗಳಾದ ರೇಂಜರ್ಸ್ ಮತ್ತು ಸೆಲ್ಟಿಕ್ ಆಟಗಾರರ ಜಂಟಿ ತಂಡ. ಆ ತಂಡದ ಜೊತೆ ಅತಿಥಿಗಳಾಗಿ ಜಾರ್ಜ್ ಬೆಸ್ಟ್ ಮತ್ತು ಬಾಬಿ ಚಾರ್ಲ್ಟನ್. ಬಂದವರು 81,405 ಮಂದಿ. ಬೇಸಿಗೆಯವರೆಗೆ, ಒಂದು ಒಳ್ಳೆಯ ಶನಿವಾರದವರೆಗೆ ಕಾಯೋಣ ಎಂದು ಸಂಘಟಕರು ಯೋಚಿಸಿದ್ದರೆ ಹವೆ ಹಿತವಾಗಿರುತ್ತಿತ್ತು. ಒಂದೇ ಜೆರ್ಸಿಯ ಹಿಂದೆ ಎರಡೂ ಕಡೆಯ ಜನ ನಿಲ್ಲುವ ಆ ಗಳಿಗೆ ಕೈತಪ್ಪುತ್ತಿತ್ತು.

1989ರ ಏಪ್ರಿಲ್ 15ರಂದು ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಿಗೆ ಬಲಿಯಾದ ಹಿಲ್ಸ್‌ಬರೊ ದುರಂತದ ನಂತರ ಲಿವರ್‌ಪೂಲ್ ಎರಡು ವಾರ ಚೆಂಡು ಮುಟ್ಟಲಿಲ್ಲ. ಮತ್ತೆ ಆಡಿದ್ದು ಏಪ್ರಿಲ್ 30ರ ಭಾನುವಾರ, ಸೆಲ್ಟಿಕ್ ಆಹ್ವಾನದ ಮೇರೆಗೆ ಗ್ಲಾಸ್ಗೊದಲ್ಲಿ. ಸಂತ್ರಸ್ತರ ನಿಧಿಗಾಗಿ ನಡೆದ ಆ ಸೌಹಾರ್ದ ಪಂದ್ಯಕ್ಕೆ 60 ಸಾವಿರಕ್ಕೂ ಹೆಚ್ಚು ಜನ ಬಂದರು. ಲೀಗಿನ ಹಣಾಹಣಿಗೆ ಮರಳುವ ಮುನ್ನ, ಗೆಲುವು ಸೋಲಿನ ಭಾರವಿಲ್ಲದ, ಪ್ರೀತಿಯಿಂದ ಕರೆದ ಊರಿನಲ್ಲಿ ಒಂದು ಪಂದ್ಯ: ಆ ಕ್ರಮದಲ್ಲಿ ಒಂದು ವಿವೇಕವಿತ್ತು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿರುವುದು ಪಂದ್ಯವೇ ನಡೆಯದ ಒಂದು ರಾತ್ರಿ. 2016ರ ನವೆಂಬರ್ 28ರಂದು ಬ್ರೆಜಿಲ್‌ನ ಶಾಪೆಕೊಯೆನ್ಸೆ ತಂಡವನ್ನು ಹೊತ್ತ ವಿಮಾನ ಕೊಲಂಬಿಯಾದ ಮೆಡೆಲಿನ್ ಬಳಿ ಬಿದ್ದು 71 ಮಂದಿ ಸತ್ತರು. ಅವರು ಕೋಪಾ ಸುಡಾಮೆರಿಕಾನಾ ಫೈನಲ್‌ನ ಮೊದಲ ಪಂದ್ಯ ಆಡಲು ಹೊರಟಿದ್ದವರು. ಎದುರಾಳಿ ಅಟ್ಲೆಟಿಕೊ ನಾಸಿಯೊನಾಲ್, ಪ್ರಶಸ್ತಿಯನ್ನು ಶಾಪೆಕೊಯೆನ್ಸೆಗೇ ಕೊಡಬೇಕೆಂದು ಕೇಳಿಕೊಂಡಿತು. ನವೆಂಬರ್ 30ರಂದು, ಪಂದ್ಯ ಶುರುವಾಗಬೇಕಿದ್ದ ಹೊತ್ತಿಗೆ ಸರಿಯಾಗಿ, ಮೆಡೆಲಿನ್ ಜನ ಬಿಳಿ ಬಟ್ಟೆ ಉಟ್ಟು, ಮೇಣದಬತ್ತಿ ಹಿಡಿದು ಕ್ರೀಡಾಂಗಣಕ್ಕೆ ನಡೆದು ಬಂದರು. ಗ್ಯಾಲರಿ ತುಂಬಿತು, ಒಳಗೆ ಜಾಗ ಸಿಗದ ಸಾವಿರಾರು ಜನ ಹೊರಗಿನ ಬೀದಿಗಳಲ್ಲಿ ನಿಂತರು. ಆ ದಿನ, ಆ ಹೊತ್ತು ಊರಿನ ಪ್ರತಿಯೊಬ್ಬರ ತಲೆಯಲ್ಲೂ ಮೊದಲೇ ಅಚ್ಚಾಗಿತ್ತು. ಹೊಸದಾಗಿ ಹೇಳಬೇಕಾದದ್ದು ಏನೂ ಇರಲಿಲ್ಲ.

ಇಂಥ ದಿನಗಳಲ್ಲಿ ಸಂಘಟಕರ ಚಿಂತೆ ಜನ ಬರುತ್ತಾರೋ ಇಲ್ಲವೋ ಎಂಬುದಾಗಿರಬಾರದು. ಬಂದವರನ್ನೆಲ್ಲ ಸುರಕ್ಷಿತವಾಗಿ ಮನೆಗೆ ಕಳಿಸುವುದು ಹೇಗೆ ಎಂಬುದಾಗಿರಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದದ್ದು ಶೋಕದ ಸಭೆಯಲ್ಲಲ್ಲ, ಕ್ರಿಕೆಟ್ ಗೆಲುವಿನ ಸಂಭ್ರಮದಲ್ಲಿ. ಆದರೂ ಅದರ ಪಾಠ ಇಲ್ಲಿಗೂ ಸಲ್ಲುತ್ತದೆ. ಫೈನಲ್ ಮುಗಿದ ಮಾರನೆಯ ದಿನವೇ, ಬುಧವಾರ, ಜನರನ್ನು ಕರೆಯಲಾಯಿತು. ಕ್ರೀಡಾಂಗಣ ಹಿಡಿಸುವುದಕ್ಕಿಂತ ಎಷ್ಟೋ ಪಟ್ಟು ಜನ ಬಂದರು. ಭಾವನೆ ಉಕ್ಕಿ ಹರಿಯುವಾಗ ಒಂದೇ ದಿನದ ಸಿದ್ಧತೆಯಲ್ಲಿ ಜನಸಾಗರವನ್ನು ಕರೆಯುವುದು ಅಪಾಯ. ಹ್ಯಾಂಪ್ಡನ್ ಪಂದ್ಯಕ್ಕೆ ಮೂರೂವರೆ ವಾರದ ಅಂತರವಿತ್ತು. ಓಲ್ಡ್ ಟ್ರ್ಯಾಫರ್ಡ್‌ಗೆ ಹದಿಮೂರು ದಿನ, ಸೆಲ್ಟಿಕ್ ಪಾರ್ಕ್‌ಗೆ ಹದಿನೈದು. ಹಸಿ ನೋವಿನ ಪಂದ್ಯಕ್ಕೆ ಎರಡರಿಂದ ನಾಲ್ಕು ವಾರ ಯೋಗ್ಯ ಕಾಲ ಎಂದು ಈ ಅನುಭವಗಳು ಸೂಚಿಸುತ್ತವೆ.

ಊರು ಬೇರೆಯಾದರೆ

ಹಾಗಾದರೆ ಬೇಗ ಆಡಿಸಿಬಿಟ್ಟರೆ ಸಾಕೇ? ಶಾಪೆಕೊಯೆನ್ಸೆ ದುರಂತವೇ ಇದಕ್ಕೂ ಉತ್ತರ ಕೊಡುತ್ತದೆ. ಅಪಘಾತವಾಗಿ ಎರಡು ತಿಂಗಳು ತುಂಬುವ ಮೊದಲೇ, 2017ರ ಜನವರಿ 25ರಂದು, ಬ್ರೆಜಿಲ್ ಮತ್ತು ಕೊಲಂಬಿಯಾ ತಂಡಗಳು ಸಂತ್ರಸ್ತ ಕುಟುಂಬಗಳಿಗಾಗಿ ರಿಯೊ ಡಿ ಜನೈರೊದಲ್ಲಿ ಆಡಿದವು. ಐದು ಬಾರಿ ವಿಶ್ವಕಪ್ ಗೆದ್ದ ದೇಶದ ರಾಷ್ಟ್ರೀಯ ತಂಡ, ಉದಾತ್ತ ಉದ್ದೇಶ, ಹೆಸರುವಾಸಿ ನಗರ. ಆದರೂ ನಿಲ್ಟನ್ ಸ್ಯಾಂಟೋಸ್ ಕ್ರೀಡಾಂಗಣ ಅರ್ಧವೂ ತುಂಬಲಿಲ್ಲ.

ಕಾರಣಗಳು ಕ್ಯಾಲೆಂಡರಿನಲ್ಲೇ ಇವೆ. ಫಿಫಾ ಗೊತ್ತುಪಡಿಸಿದ ಅಂತರರಾಷ್ಟ್ರೀಯ ದಿನಗಳಲ್ಲಿ ಮಾತ್ರ ಕ್ಲಬ್‌ಗಳು ಆಟಗಾರರನ್ನು ರಾಷ್ಟ್ರೀಯ ತಂಡಕ್ಕೆ ಬಿಟ್ಟುಕೊಡಲೇಬೇಕು. ಜನವರಿ ಕೊನೆಯ ಆ ಬುಧವಾರ ಅಂಥ ದಿನವಾಗಿರಲಿಲ್ಲ. ಯುರೋಪಿನ ಲೀಗ್‌ಗಳು ಬಿರುಸಾಗಿ ನಡೆಯುತ್ತಿದ್ದುದರಿಂದ ನೇಮಾರ್ ಮೊದಲಾದ ತಾರೆಯರು ಬರುವಂತಿರಲಿಲ್ಲ. ಸ್ವದೇಶದ ಲೀಗ್‌ಗಳಲ್ಲಿ ಆಡುತ್ತಿದ್ದವರನ್ನೇ ಆರಿಸಿ ತಂಡ ಕಟ್ಟಲಾಯಿತು. ಜೊತೆಗೆ, ಸತ್ತವರ ಊರು ಶಾಪೆಕೊ. ಅದು ಬ್ರೆಜಿಲ್‌ನ ದಕ್ಷಿಣ ಭಾಗದಲ್ಲಿರುವ ಸಾಂತಾ ಕತರೀನಾ ರಾಜ್ಯದ ಒಳನಾಡು. ಅಲ್ಲಿನವರು ವಾರದ ನಡುವೆ ರಿಯೊಗೆ ಬಂದು ಹೋಗುವುದು ಸುಲಭದ ಮಾತಲ್ಲ. ಅದಕ್ಕೆ ನಾಲ್ಕು ದಿನ ಮೊದಲು, ಜನವರಿ 21ರ ಶನಿವಾರ, ಶಾಪೆಕೊಯೆನ್ಸೆಯ ಹೊಸ ತಂಡ ತನ್ನೂರಿನ ಅರೇನಾ ಕೊಂಡಾದಲ್ಲಿ ಪಾಲ್ಮೇರಾಸ್ ವಿರುದ್ಧ ಮೊದಲ ಪಂದ್ಯ ಆಡಿತ್ತು. ಊರಿನವರ ಕಣ್ಣೀರಿಗೆ ಬೇಕಿದ್ದ ಪಂದ್ಯ ಅದಾಗಿತ್ತು. ಜನ ಬರುವುದು ದುಃಖದ ಗಾತ್ರ ನೋಡಿ ಅಲ್ಲ, ದುಃಖ ತಮ್ಮದು ಎನ್ನಿಸಿದಾಗ. ದಿನಾಂಕದ ಜೊತೆ ಜಾಗವನ್ನೂ ಸೇರಿಸಿ ಯೋಚಿಸಬೇಕಾದದ್ದು ಇದಕ್ಕೇ.

ಕ್ಯಾಲೆಂಡರ್ ನೋಡಿ ಆರಿಸಿದವರು

ಅಂತರರಾಷ್ಟ್ರೀಯ ದಿನವನ್ನು ಬಳಸಿಕೊಂಡ ಒಳ್ಳೆಯ ಮಾದರಿ ವೇಲ್ಸ್‌ನಲ್ಲಿದೆ. ರಾಷ್ಟ್ರೀಯ ತಂಡದ ಕೋಚ್ ಆಗಿದ್ದಾಗಲೇ ಗ್ಯಾರಿ ಸ್ಪೀಡ್ 2011ರ ನವೆಂಬರ್ 27ರಂದು ತೀರಿಕೊಂಡರು. ಅವರಿಗೆ 42 ವರ್ಷ. ಸ್ಮಾರಕ ಪಂದ್ಯವನ್ನು ತರಾತುರಿಯಲ್ಲಿ ನಡೆಸದೆ 2012ರ ಫೆಬ್ರುವರಿ 29ರ ಅಂತರರಾಷ್ಟ್ರೀಯ ದಿನಕ್ಕೆ ಇಟ್ಟರು. ಎದುರಾಳಿಯಾಗಿ ಕೋಸ್ಟರಿಕಾ ತಂಡವನ್ನು ಕರೆಸಿದರು. 1990ರಲ್ಲಿ ಸ್ಪೀಡ್ ವೇಲ್ಸ್ ಪರ ಮೊದಲ ಪಂದ್ಯ ಆಡಿದ್ದು ಅದೇ ಕೋಸ್ಟರಿಕಾ ವಿರುದ್ಧ. ಬುಧವಾರ ರಾತ್ರಿಯಾದರೂ ಕಾರ್ಡಿಫ್ ಕ್ರೀಡಾಂಗಣಕ್ಕೆ ಸುಮಾರು 23 ಸಾವಿರ ಜನ ಬಂದರು. ಸ್ಪೀಡ್ ಬದುಕಿದ್ದಾಗ ತಂಡವನ್ನು ನಡೆಸಿದ ಕೊನೆಯ ಪಂದ್ಯ, ಅದೇ ಕ್ರೀಡಾಂಗಣದಲ್ಲಿ ನಾರ್ವೆ ವಿರುದ್ಧ ಗೆದ್ದದ್ದು. ಅದಕ್ಕೆ ಬಂದಿದ್ದವರು ಹೆಚ್ಚುಕಡಿಮೆ ಇದರ ಅರ್ಧದಷ್ಟು. ಮೂರು ತಿಂಗಳ ಕಾಯುವಿಕೆ ಜನರನ್ನು ಕಳೆಯಲಿಲ್ಲ. ಅತ್ಯುತ್ತಮ ತಂಡ ಕಟ್ಟಲು, ಎದುರಾಳಿಯ ಆಯ್ಕೆಯಲ್ಲೇ ಸ್ಮರಣೆಯನ್ನು ಹೆಣೆಯಲು ಅದು ಅವಕಾಶ ಕೊಟ್ಟಿತು.

ಎರಡು ಋತುಗಳ ನಡುವಿನ ಬಿಡುವು ಇನ್ನೊಂದು ಒಳ್ಳೆಯ ಕಾಲ. 1985ರ ಮೇ 11ರಂದು ಬ್ರ್ಯಾಡ್‌ಫರ್ಡ್ ಸಿಟಿ ಮೈದಾನದ ಬೆಂಕಿಯಲ್ಲಿ 56 ಮಂದಿ ಸತ್ತರು. ಅವರ ಕುಟುಂಬಗಳ ನೆರವಿಗೆ ಜುಲೈ 28ರ ಭಾನುವಾರ ಪಕ್ಕದ ಲೀಡ್ಸ್‌ನಲ್ಲಿ 1966ರ ವಿಶ್ವಕಪ್ ಫೈನಲ್ ಆಡಿದ್ದ ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ ಆಟಗಾರರು ಮತ್ತೆ ಎದುರಾದರು. ಆ ಫೈನಲ್ ನಡೆದದ್ದು ಜುಲೈ 30ರಂದು. ದುಃಖದ ದಿನಾಂಕವನ್ನು ಬಿಟ್ಟು ದೇಶವೇ ಸಂತೋಷದಿಂದ ನೆನೆಯುವ ದಿನಾಂಕದ ಪಕ್ಕದಲ್ಲಿ ಪಂದ್ಯ ಇಟ್ಟದ್ದು ಚಂದದ ಯೋಚನೆ. ಬಾರ್ಸಿಲೋನಾ ಕ್ಲಬ್ ತನ್ನ ಸಂಸ್ಥಾಪಕ ಜೋನ್ ಗ್ಯಾಂಪರ್ ಸ್ಮರಣೆಗೆ 1966ರಿಂದ ನಡೆಸುತ್ತಿರುವ ಟ್ರೋಫಿ ಉಳಿದು ಬೆಳೆದದ್ದೂ ಲೀಗ್ ಶುರುವಾಗುವ ಮುನ್ನ, ಹೊಸ ತಂಡವನ್ನು ನೋಡುವ ಆಸೆ ಜನರಲ್ಲಿ ತುಂಬಿರುವಾಗ ನಡೆಯುವ ಕಾರಣಕ್ಕೆ. 2017ರ ಆಗಸ್ಟ್ 7ರಂದು ಅದೇ ಟ್ರೋಫಿಗೆ ಶಾಪೆಕೊಯೆನ್ಸೆಯನ್ನು ಆಹ್ವಾನಿಸಲಾಯಿತು. ಅಪಘಾತದಲ್ಲಿ ಬದುಕುಳಿದ ಆಲನ್ ರುಷೆಲ್ ಅಂದು ಮತ್ತೆ ಕಣಕ್ಕಿಳಿದರು.

1949ರ ಟ್ಯೂರಿನ್‌ನ ಉದಾಹರಣೆಯಲ್ಲಿ ವೇಗ ಮತ್ತು ರಜೆ ಎರಡೂ ಕೂಡಿಬಂದವು. ಮೇ 4ರಂದು ಸುಪರ್ಗಾ ಬೆಟ್ಟಕ್ಕೆ ವಿಮಾನ ಅಪ್ಪಳಿಸಿ ಟೊರಿನೊ ತಂಡವೇ ಅಳಿದುಹೋಯಿತು; ಸತ್ತವರು 31 ಮಂದಿ. ಅರ್ಜೆಂಟೀನಾದ ರಿವರ್ ಪ್ಲೇಟ್ ತಂಡ ಸಾಗರ ದಾಟಿ ಬಂದು ಮೇ 26ರಂದು ಇಟಲಿಯ ಆಯ್ದ ಆಟಗಾರರ ವಿರುದ್ಧ ಆಡಿತು. ರಿವರ್ ಪ್ಲೇಟ್ ತಂಡದಲ್ಲಿ ಆಲ್ಫ್ರೆಡೊ ಡಿ ಸ್ಟೆಫಾನೊ ಇದ್ದರು. ಮೇ 26 ಗುರುವಾರ. ಆದರೆ ಆ ವರ್ಷ ಅದು ಯೇಸುವಿನ ಸ್ವರ್ಗಾರೋಹಣದ ಹಬ್ಬ, ಆಗಿನ ಇಟಲಿಯಲ್ಲಿ ಸಾರ್ವಜನಿಕ ರಜೆ. ದುಡಿಯುವ ಜನ ಸಂಬಳ ಕಳೆದುಕೊಳ್ಳದೆ ಬರಬಹುದಾದ ದಿನ.

ಜಾಗ ಮತ್ತು ದಿನ ಎರಡನ್ನೂ ಕುರಿತು ದೊಡ್ಡ ಜಗ್ಗಾಟವಾದದ್ದು ಐರ್ಲೆಂಡಿನ ಕಾರ್ಕ್‌ನಲ್ಲಿ. ಸೆಲ್ಟಿಕ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಪರ ಆಡಿದ್ದ ಲಿಯಾಮ್ ಮಿಲ್ಲರ್ 2018ರ ಫೆಬ್ರುವರಿಯಲ್ಲಿ 36ನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕುಟುಂಬಕ್ಕಾಗಿ ಸೆಪ್ಟೆಂಬರ್ 25ಕ್ಕೆ ಗೊತ್ತಾದ ಪಂದ್ಯವನ್ನು ಮೊದಲು ಏಳು ಸಾವಿರದಷ್ಟು ಜನ ಹಿಡಿಸುವ ಟರ್ನರ್ಸ್ ಕ್ರಾಸ್‌ನಲ್ಲಿ ನಡೆಸುವುದೆಂದಿತ್ತು. ಟಿಕೆಟ್‌ಗಳು ಕ್ಷಣಾರ್ಧದಲ್ಲಿ ಮುಗಿದವು. ಅದೇ ಊರಿನಲ್ಲಿ 45 ಸಾವಿರ ಜನ ಹಿಡಿಸುವ ಪಾರ್ಕ್ ಈ ಕೀವ್ ಇತ್ತು; ಆದರೆ ಅದು ಐರಿಷ್ ದೇಸಿ ಕ್ರೀಡೆಗಳ ಸಂಸ್ಥೆಯದ್ದು, ಫುಟ್‌ಬಾಲ್‌ಗೆ ಅದನ್ನು ಕೊಡಲು ನಿಯಮ ಅಡ್ಡಿ. ಜನಾಭಿಪ್ರಾಯದ ಒತ್ತಡಕ್ಕೆ ಕೊನೆಗೆ ಬಾಗಿಲು ತೆರೆಯಿತು. ಮಂಗಳವಾರವಾಗಿದ್ದರೂ ಎಲ್ಲ ಟಿಕೆಟ್ ಮಾರಾಟವಾದವು. ಸಾಕಷ್ಟು ಮುಂಚೆ ದಿನ ಗೊತ್ತುಮಾಡಿದ್ದರಿಂದಲೇ ಈ ವಾದ ನಡೆದು ತೀರ್ಮಾನವಾಗಲು ಸಮಯ ಸಿಕ್ಕಿತು.

ವರ್ಷದ ದಿನ ಯಾರದ್ದು?

ಈಗ ಕಠಿಣ ಪ್ರಶ್ನೆ: ಸಾವಿನ ವಾರ್ಷಿಕ ದಿನದಂದೇ ಪಂದ್ಯ ಆಡಬೇಕೇ? ನಮ್ಮ ಮನೆಗಳಲ್ಲಿ ತಿಥಿಯನ್ನು ಪಂಚಾಂಗ ಹೇಳಿದ ದಿನವೇ ಮಾಡುತ್ತೇವೆ, ಬರುವವರು ನಾಲ್ಕೇ ಮಂದಿಯಾದರೂ ಸರಿ. ನೆಂಟರಿಷ್ಟರೆಲ್ಲ ಸೇರಬೇಕಾದ ಕಾರ್ಯವನ್ನು ರಜೆ ನೋಡಿ ಇಟ್ಟುಕೊಳ್ಳುತ್ತೇವೆ. ಫುಟ್‌ಬಾಲ್‌ನ ದೊಡ್ಡ ದುರಂತಗಳನ್ನು ಕಂಡ ಊರುಗಳೂ ಈ ವಿವೇಕಕ್ಕೇ ಬಂದು ತಲುಪಿವೆ. ಪ್ರತಿ ಮೇ 4ರಂದು ಟೊರಿನೊ ತಂಡ ಸುಪರ್ಗಾ ಬೆಟ್ಟ ಹತ್ತುತ್ತದೆ. ನಾಯಕ 31 ಹೆಸರುಗಳನ್ನು ಓದುತ್ತಾನೆ. ಬ್ರ್ಯಾಡ್‌ಫರ್ಡ್ ಮೇ 11ರಂದು ನಗರದ ಚೌಕದಲ್ಲಿ ಸೇರುತ್ತದೆ. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ 1980ರ ಆಗಸ್ಟ್ 16ರ ಮೋಹನ್ ಬಾಗಾನ್-ಈಸ್ಟ್ ಬೆಂಗಾಲ್ ಪಂದ್ಯದ ವೇಳೆ 16 ಅಭಿಮಾನಿಗಳು ಸತ್ತರು. ಆ ದಿನವನ್ನು ಅಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ರಕ್ತದಾನ ಶಿಬಿರಗಳ ಮೂಲಕ ಆಚರಿಸುತ್ತಾರೆ.

ಹಿಲ್ಸ್‌ಬರೊ ದುರಂತದ ದಿನವಾದ ಏಪ್ರಿಲ್ 15ರಂದು ಲಿವರ್‌ಪೂಲ್ ಆಡುವುದಿಲ್ಲ. 2009ರಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್ ಆ ವಾರವೇ ಬಿದ್ದಾಗ ಕ್ಲಬ್‌ನ ಕೋರಿಕೆಯಂತೆ ಚೆಲ್ಸಿ ವಿರುದ್ಧದ ಪಂದ್ಯ ಏಪ್ರಿಲ್ 14ಕ್ಕೆ ಗೊತ್ತಾಯಿತು. ಮಾರನೆಯ ದಿನ, ಬುಧವಾರ ಮಧ್ಯಾಹ್ನ, ದುರಂತದ ಇಪ್ಪತ್ತನೇ ವರ್ಷದ ಸ್ಮರಣೆಗೆ ಆ್ಯನ್‌ಫೀಲ್ಡ್‌ನಲ್ಲಿ ಸುಮಾರು 30 ಸಾವಿರ ಜನ ಸೇರಿದರು. ಪಂದ್ಯವಿಲ್ಲ, ತಾರೆಯರಿಲ್ಲ, ಕೆಲಸದ ದಿನ. ಸರ್ಕಾರದ ಪರವಾಗಿ ಬಂದಿದ್ದ ಸಚಿವ ಆ್ಯಂಡಿ ಬರ್ನ್‌ಹ್ಯಾಮ್ ಮಾತಾಡುತ್ತಿದ್ದಾಗ ಇಡೀ ಗ್ಯಾಲರಿ ನ್ಯಾಯಕ್ಕಾಗಿ ಕೂಗಿತು. ಆ ಕೂಗಿನ ಬೆನ್ನಲ್ಲೇ ಸ್ವತಂತ್ರ ಸಮಿತಿ ರಚನೆಯಾಯಿತು. 2012ರಲ್ಲಿ ಅದರ ವರದಿ ಬಂತು. 2016ರಲ್ಲಿ ತೀರ್ಪುಗಾರರ ಮಂಡಳಿ ಆ ಸಾವುಗಳು ಕಾನೂನುಬಾಹಿರ ಹತ್ಯೆಗಳೆಂದು ತೀರ್ಮಾನಿಸಿತು. ಹಾಜರಾತಿ ಎಂಬುದಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷ ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ ಎಂದು ಬಿಡದೆ ಹಿಡಿದಿದ್ದರಿಂದ ಆ ಬಲ ಕೂಡಿಬಂತು.

ವಾರ್ಷಿಕ ದಿನದಂದೇ ಸಂಬಂಧವಿಲ್ಲದ ಪಂದ್ಯ ಇಟ್ಟಾಗ ಆಗುವುದೇ ಬೇರೆ. 2012ರ ಏಪ್ರಿಲ್ 15ರಂದು ವೆಂಬ್ಲಿಯಲ್ಲಿ ಟಾಟನ್‌ಹ್ಯಾಮ್ ಮತ್ತು ಚೆಲ್ಸಿ ನಡುವೆ ಎಫ್‌ಎ ಕಪ್ ಸೆಮಿಫೈನಲ್ ಇತ್ತು. ಹಿಲ್ಸ್‌ಬರೊ ಸ್ಮರಣೆಯ ಮೌನವನ್ನು ಗ್ಯಾಲರಿಯ ಒಂದು ಗುಂಪು ಕೆಡಿಸಿತು. ಮ್ಯೂನಿಕ್ ದುರಂತದ ಐವತ್ತನೇ ವರ್ಷದ ದಿನ, 2008ರ ಫೆಬ್ರುವರಿ 6ರಂದು, ಇಂಗ್ಲೆಂಡ್-ಸ್ವಿಟ್ಜರ್ಲೆಂಡ್ ಸೌಹಾರ್ದ ಪಂದ್ಯಕ್ಕೂ ಇದೇ ಗತಿ. ಕೂಗಾಟದಿಂದಾಗಿ ಮೌನವನ್ನು ಬೇಗ ಮುಗಿಸಬೇಕಾಯಿತು. ನಾಲ್ಕು ದಿನಗಳ ನಂತರದ ಭಾನುವಾರ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಯುನೈಟೆಡ್ ಮತ್ತು ಮ್ಯಾಂಚೆಸ್ಟರ್ ಸಿಟಿ ಎದುರಾದವು. ಯುನೈಟೆಡ್ ಆಟಗಾರರು 1958ರ ಮಾದರಿಯ, ಜಾಹೀರಾತಿಲ್ಲದ ಜೆರ್ಸಿ ತೊಟ್ಟಿದ್ದರು. ಪ್ರೇಕ್ಷಕರಿಗೆಲ್ಲ ಸ್ಮರಣೆಯ ಶಾಲು ಸಿಕ್ಕಿತ್ತು. ತುಂಬಿದ ಗ್ಯಾಲರಿ ಒಂದು ನಿಮಿಷ ಉಸಿರು ಬಿಗಿಹಿಡಿದಂತೆ ನಿಂತಿತು. ಸಿಟಿ ಬೆಂಬಲಿಗರು ಗದ್ದಲ ಮಾಡಬಹುದೆಂಬ ಆತಂಕ ಹುಸಿಯಾಯಿತು. ದಿನಾಂಕ ತಪ್ಪಿತ್ತು, ಜನ ಸರಿಯಿದ್ದರು.

ತಡವಾದ ಗೌರವ

ತೀರ ತಡವಾದರೆ ಇನ್ನೊಂದು ಅಪಾಯ ಕಾದಿರುತ್ತದೆ. ಮ್ಯೂನಿಕ್ ಸಂತ್ರಸ್ತರಿಗಾಗಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ನೆರವಿನ ಪಂದ್ಯ ನಡೆದದ್ದು ನಲವತ್ತು ವರ್ಷಗಳ ನಂತರ, 1998ರ ಆಗಸ್ಟ್ 18ರಂದು. ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ ಎರಿಕ್ ಕ್ಯಾಂಟೊನಾ ತನ್ನ ತಂಡ ಕಟ್ಟಿಕೊಂಡು ಬಂದ. ಕ್ರೀಡಾಂಗಣ ತುಂಬಿತು. ಆದರೆ ಬಹಳ ಮಂದಿಗೆ ಅದು ಕ್ಯಾಂಟೊನಾನ ಬೀಳ್ಕೊಡುಗೆಯಾಗಿತ್ತು. ಅವನ ತಂಡದ ಖರ್ಚಿನ ಬಗ್ಗೆ, ಇಷ್ಟು ವರ್ಷಗಳ ನಿರ್ಲಕ್ಷ್ಯದ ಬಗ್ಗೆ ಬದುಕುಳಿದವರ ವಲಯದಲ್ಲಿ ಕಹಿ ಉಳಿಯಿತು. ಜನ ತುಂಬಿದರೆ ಸಾಲದು, ಯಾರಿಗಾಗಿ ತುಂಬಿದರು ಎಂಬುದೂ ಮುಖ್ಯ ಎಂದು ಆ ಪಂದ್ಯ ಹೇಳುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ನ್ಯೂಕ್ಯಾಸಲ್‌ನಲ್ಲಿ ನಡೆಯಿತು. ಇಂಗ್ಲೆಂಡ್‌ನ ಮಾಜಿ ಕೋಚ್ ಬಾಬಿ ರಾಬ್ಸನ್ ಕ್ಯಾನ್ಸರಿನಿಂದ ಬಳಲುತ್ತಿದ್ದಾಗ, ಅವರು ಸ್ಥಾಪಿಸಿದ ಕ್ಯಾನ್ಸರ್ ನಿಧಿಗಾಗಿ 2009ರ ಜುಲೈ 26ರಂದು 1990ರ ವಿಶ್ವಕಪ್ ಸೆಮಿಫೈನಲ್‌ನ ಇಂಗ್ಲೆಂಡ್ ಮತ್ತು ಜರ್ಮನಿ ಆಟಗಾರರು ಮತ್ತೆ ಆಡಿದರು. ಗಾಲಿಕುರ್ಚಿಯಲ್ಲಿ ಬಂದ ರಾಬ್ಸನ್, 33 ಸಾವಿರದಷ್ಟು ಜನರ ಚಪ್ಪಾಳೆಯನ್ನು ತಮ್ಮ ಕಿವಿಯಾರೆ ಕೇಳಿದರು. ಐದು ದಿನಗಳ ನಂತರ ತೀರಿಕೊಂಡರು. ಸಾಧ್ಯವಿರುವಲ್ಲೆಲ್ಲ ಇದೇ ಅತ್ಯುತ್ತಮ ದಿನಾಂಕ: ಗೌರವ ಪಡೆಯುವವರು ಇನ್ನೂ ಇರುವಾಗ.

ನಮ್ಮ ಮೈದಾನಗಳಿಗೆ

ಭಾರತದಲ್ಲಿ ಸ್ಮಾರಕ ಟ್ರೋಫಿಗಳಿಗೆ ಬರವಿಲ್ಲ. ತಂಡಕ್ಕೆ ಏಳು ಮಂದಿ ಆಡುವ ಕೇರಳದ ಸೆವೆನ್ಸ್ ಪಂದ್ಯಾವಳಿಗಳಲ್ಲಿ ಎಷ್ಟೋ ಊರಿನ ಹಿರಿಯರ, ಆಟಗಾರರ ನೆನಪಿನವು. ಅವು ಮಳೆ ನಿಂತ ಮೇಲೆ ಶುರುವಾಗಿ ಮುಂದಿನ ಮುಂಗಾರಿನೊಳಗೆ ಮುಗಿಯುತ್ತವೆ. ಹಗಲಿನ ದುಡಿಮೆ ಮುಗಿಸಿದವರು ಬರಲೆಂದೇ ರಾತ್ರಿ ದೀಪದಡಿ ನಡೆಯುತ್ತವೆ. ಕರಾವಳಿ, ಕೊಡಗು, ಬೆಂಗಳೂರಿನ ಬಡಾವಣೆಗಳ ಸಣ್ಣ ಮೈದಾನಗಳಲ್ಲೂ ಹಳೆಯ ಆಟಗಾರರ ಹೆಸರಿನ ಕಪ್‌ಗಳಿವೆ. ದೊಡ್ಡ ಕ್ಲಬ್‌ಗಳ ಅನುಭವ ಇಲ್ಲಿಗೂ ಅನ್ವಯಿಸುತ್ತದೆ. ಪರೀಕ್ಷೆಯ ಮಾರ್ಚ್ ತಿಂಗಳು, ಊರ ಜಾತ್ರೆಯ ವಾರ, ಐಪಿಎಲ್‌ನ ತವರು ಪಂದ್ಯದ ಸಂಜೆ, ಕೊನೆಯ ಬಸ್ ಹೋದ ಮೇಲೆ ಮುಗಿಯುವ ಆಟ: ಇವುಗಳನ್ನು ತಪ್ಪಿಸುವುದಕ್ಕೆ ಹಣ ಬೇಕಿಲ್ಲ, ಮೊದಲೇ ಕೂತು ಯೋಚಿಸುವ ತಾಳ್ಮೆ ಸಾಕು.

ದಿನಕ್ಕಿಂತ ಕರೆ ಮುಖ್ಯವಾದ ಒಂದು ಪ್ರಸಂಗವನ್ನೂ ಮರೆಯಬಾರದು. 2018ರ ಜೂನ್ 1ರ ಶುಕ್ರವಾರ ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ ಗೆದ್ದಾಗ ನೋಡಲು ಬಂದವರು 2,569 ಮಂದಿ. ಬೆಂಗಳೂರು ಎಫ್‌ಸಿಯನ್ನೂ ಮುನ್ನಡೆಸುತ್ತಿದ್ದ ನಾಯಕ ಸುನಿಲ್ ಚೆಟ್ರಿ ಮಾರನೆಯ ದಿನ ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡರು: ಬೈಯುವುದಾದರೂ ಬಂದು ಬೈಯಿರಿ, ಆದರೆ ಬನ್ನಿ ಎಂದು. ಜೂನ್ 4ರ ಸೋಮವಾರ ಕೆನ್ಯಾ ವಿರುದ್ಧದ ಪಂದ್ಯದ ಎಲ್ಲ ಟಿಕೆಟ್ ಮುಗಿದವು. ವಾರಾಂತ್ಯದ ಹೊಸ್ತಿಲಲ್ಲಿ ಬಾರದ ಜನ ಸೋಮವಾರ ಬಂದರು, ಏಕೆಂದರೆ ಯಾರೋ ತಮ್ಮನ್ನು ಹೆಸರಿಟ್ಟು ಕರೆದಂತೆ ಅವರಿಗೆ ಅನ್ನಿಸಿತು. ಸ್ಮಾರಕ ಪಂದ್ಯದ ಕರೆಯೂ ಪೋಸ್ಟರಿನ ಮೇಲಿನ ದಿನಾಂಕಕ್ಕೆ ನಿಲ್ಲಬಾರದು. ಜೊತೆಗೆ ಆಡಿದವರು, ಮನೆಯವರು ಬಾಯಿಬಿಟ್ಟು ಕರೆಯಬೇಕು.

ಈ ಎಲ್ಲದರಿಂದ ಹೊರಡುವ ದಾರಿ ಸ್ಪಷ್ಟವಾಗಿದೆ. ಸಾವಿನ ದಿನಾಂಕವನ್ನು ಸ್ಮರಣೆಗೆ ಬಿಡಬೇಕು, ಅದನ್ನು ಎಂದೂ ಕದಲಿಸಬಾರದು. ಪಂದ್ಯವನ್ನು ಒಂದೋ ಮೊದಲ ಕೆಲವು ವಾರಗಳಲ್ಲಿ, ಸತ್ತವರ ಊರಿನಲ್ಲಿ ಅಥವಾ ಅದರ ಹತ್ತಿರದಲ್ಲಿ, ಭದ್ರತೆಯ ಪೂರ್ಣ ಸಿದ್ಧತೆಯೊಡನೆ ನಡೆಸಬೇಕು. ಇಲ್ಲವೇ ಋತುವಿನ ಬಿಡುವಿಗೆ, ರಜೆಗೆ, ಅಂತರರಾಷ್ಟ್ರೀಯ ದಿನಕ್ಕೆ ಕಾಯಬೇಕು. ಎರಡರ ನಡುವಿನ ಯಾವುದೋ ಬಿಡುವಿನ ಬುಧವಾರ ಯಾರಿಗೂ ಒದಗದು. ದಿನ ಗೊತ್ತುಮಾಡುವ ಮೊದಲು ಕೇಳಬೇಕಾದ ಮೊದಲ ಮಾತು ಮೈದಾನದ ಮೇಲ್ವಿಚಾರಕರದ್ದಲ್ಲ, ಟಿವಿ ವಾಹಿನಿಯದ್ದೂ ಅಲ್ಲ, ಮನೆಯವರದ್ದು. ಅವರಿಗೆ ಬರಲಾಗುವ ದಿನ, ಅವರ ಊರಿನವರಿಗೆ ಬರಲಾಗುವ ದಿನ ಯಾವುದೆಂದು ತಿಳಿದುಕೊಂಡು ಹೊರಟರೆ ಉಳಿದ ಲೆಕ್ಕವೆಲ್ಲ ಅದರ ಹಿಂದೆ ಬರುತ್ತದೆ. ಮುಂದಿನ ಸ್ಮಾರಕ ಪಂದ್ಯದ ಸಂಘಟಕರು ಆ ಒಂದು ಪ್ರಶ್ನೆಯಿಂದಲೇ ಶುರುಮಾಡಲಿ.